ಮಜ್ಜಿಗೆ ಹುಲ್ಲು ಸೊಂಟದೆತ್ತರ, ಎಣ್ಣೆ ಮಾತ್ರ ಇಲ್ಲ: ಗೊಬ್ಬರ, ನೀರಿನ ಲೆಕ್ಕ ಗೊತ್ತಿದ್ದವರು ಹೇಳಿ

ಹೊಸನಗರದ ಹೊಸಬ: ಅರ್ಧ ಎಕರೆ ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್), ಎಣ್ಣೆ ತೆಗೆಯೋಕೆ ಹಾಕಿದ್ದು, ಎರಡನೇ ವರ್ಷ. ಪ್ರತಿ ಕೊಯ್ಲಿಗೂ ಒಂದು ಚೀಲ ಯೂರಿಯಾ, ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಸ್ಪ್ರಿಂಕ್ಲರ್. ಕ್ವಿಂಟಾಲ್ ಹಸಿ ಹುಲ್ಲಿಗೆ 250 ಗ್ರಾಂ ಎಣ್ಣೆ ದಾಟ್ತಿಲ್ಲ. ಯಾವುದು ಕಡಿಮೆ ಮಾಡಲಿ? ಕೊಟ್ಟಿಗೆ ಗೊಬ್ಬರ ಒಂದೇ ಸಾಕಾ?

ಸಾಗರದ ಭಟ್ಟಿ: ಹುಲ್ಲಿನ ತೂಕ ನೋಡಿ ಮರುಳಾಗೋರ ಕಥೆಯೇ ಇದು. ಮಳೆಗಾಲದ ಕೊಯ್ಲಲ್ಲಿ 2,000 ಕೆಜಿ ಹುಲ್ಲು, ಶೇ. 0.3 ಎಣ್ಣೆ: 6 ಕೆಜಿ. ಮಾರ್ಚ್ ಕೊಯ್ಲಲ್ಲಿ 1,200 ಕೆಜಿ, ಶೇ. 0.5: ಅದೂ 6 ಕೆಜಿಯೇ. ಆದರೆ ಹುಲ್ಲು ಬೇಯಿಸಿ ಆವಿಯಿಂದ ಎಣ್ಣೆ ಇಳಿಸೋ, 400 ಕೆಜಿ ಹಿಡಿಯೋ ಭಟ್ಟಿಯನ್ನ ಮೊದಲನೇದಕ್ಕೆ ಐದು ಸಲ ತುಂಬಬೇಕು, ಎರಡನೇದಕ್ಕೆ ಮೂರೇ ಸಲ. ಒಂದೊಂದು ಸಲಕ್ಕೂ ಒಂದೂವರೆ ಕ್ವಿಂಟಾಲ್ ಸೌದೆ, ಇಬ್ಬರು ಆಳು, ಮೂರು ತಾಸು. ಅಂದ್ರೆ ಮೂರು ಕ್ವಿಂಟಾಲ್ ಸೌದೆ ಬರೀ ನೀರು ಕಾಯಿಸೋಕೆ ಹೋಯ್ತು. ಕೊಯ್ಯೋ ಎಂಟು ಹತ್ತು ದಿನ ಮೊದಲೇ ನೀರು ಬಂದ್ ಮಾಡಿ. ಅರ್ಧ ಗೇಣು ಬುಡ ಬಿಟ್ಟು ಕೊಯ್ದು, ಒಂದು ದಿನ ನೆರಳಲ್ಲಿ ಬಾಡಿಸಿ. ಬುಡದ ಬಿಳಿ ದಂಟಲ್ಲಿ ಎಣ್ಣೆ ಕಡಿಮೆ, ಭಟ್ಟಿಯಲ್ಲಿ ಜಾಗ ಮಾತ್ರ ತಿನ್ನುತ್ತೆ.

ಗೊಬ್ಬರಗುಂಡಿ: ನೀರು ನಿಲ್ಲಿಸಿ ಅಂತ ಬಾಯಲ್ಲಿ ಹೇಳೋದು ಸುಲಭ ಮಾರಾಯ್ರೆ. ಎಲೆ ಸುರುಳಿ ಸುತ್ತೋ ತನಕ ಒಣಗಿಸಿದರೆ ಪರ್ಸೆಂಟೇಜ್ ಏರುತ್ತೆ, ಹುಲ್ಲೇ ಅರ್ಧ ಆಗುತ್ತೆ. ಮಾರೋದು ಎಣ್ಣೆಯೋ ಪರ್ಸೆಂಟೇಜೋ? ನೀರಿಗಿಂತ ಮೊದಲು ಯೂರಿಯಾ ನೋಡಿ. ಎಕರೆಗೆ ವರ್ಷಕ್ಕೆ ಸಾರಜನಕ 60 ಕೆಜಿ, ಅರ್ಧ ಎಕರೆಗೆ 30. ಯೂರಿಯಾದಲ್ಲಿ ಸಾರಜನಕ ಶೇ. 46, ಅಂದ್ರೆ ಯೂರಿಯಾ 65 ಕೆಜಿ, ನಾಲ್ಕು ಕಂತು, ಕಂತಿಗೆ 16 ಕೆಜಿ. ಒಂದು ಚೀಲ ಅಂದ್ರೆ 45 ಕೆಜಿ, ಹತ್ರ ಹತ್ರ ಮೂರು ಪಟ್ಟು! ಮೆತ್ತಗಿನ ಎಲೆ, ತೂಕವೆಲ್ಲ ನೀರು. ಆಷಾಢದಲ್ಲಿ ಎರಚಿದ್ದಂತೂ ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ನಿಲ್ಲೋದೇ ಇಲ್ಲ, ಹಳ್ಳಕ್ಕೆ. ಮಳೆ ಹೊಳವಾದ ಮೇಲೆ, ಕೊಯ್ದ ವಾರದೊಳಗೆ ಬುಡಕ್ಕೆ ಕೊಟ್ಟು ಮಣ್ಣು ಎಳೀಬೇಕು. ಪೊಟ್ಯಾಶ್ ಕೂಡ ತೊಳೆದು ಹೋಗುತ್ತೆ, ಅದನ್ನೂ ಎರಡು ಕಂತು ಮಾಡಿ.

ಕೊಟ್ಟಿಗೆ ಗೊಬ್ಬರ ಒಂದೇ ಅಂದ್ರೆ, ಟನ್ನಿಗೆ ಸಾರಜನಕ ಐದು ಕೆಜಿ ಹಿಡೀರಿ. 30 ಕೆಜಿಗೆ ಆರು ಟನ್. ಅಷ್ಟು ದನ ಯಾರ ಕೊಟ್ಟಿಗೆಯಲ್ಲಿದೆ ಈಗ? ಒಲೆ ಬೂದಿ ಬೆರೆಸೋ ಚಾಳಿ ಇದ್ರೆ ಬಿಡಿ. ಮೂಗಿಗೆ ಘಾಟು ಹೊಡೀತು ಅಂದ್ರೆ ಸಾರಜನಕ ಗಾಳಿಗೆ ಹೋಯ್ತು ಅಂತಲೇ.

ತೀರ್ಥಹಳ್ಳಿ ಪಚ್ಚೋಲಿ: ಅಡಿಕೆ ತೋಟದ ನೆರಳಲ್ಲಿ ಮಜ್ಜಿಗೆ ಹುಲ್ಲು ಹಾಕಿದ್ರೆ ಏನು ಸುರಿದರೂ ಅಷ್ಟೇ, ಅದಕ್ಕೆ ಬಿಸಿಲು ಬೇಕು. ನೆರಳಿಗೆ ಪಚ್ಚೋಲಿ, ಅದೂ ಸೊಪ್ಪಿಂದ ಸುಗಂಧದ ಎಣ್ಣೆ ತೆಗೆಯೋ ಗಿಡವೇ. ಪಚ್ಚೋಲಿ ಬುಡದಲ್ಲಿ ನೀರು ನಿಂತರೆ ಮಾತ್ರ ಎಂಟೇ ದಿನದಲ್ಲಿ ಗಿಡ ಹೋಯ್ತು, ಬಸಿಗಾಲುವೆ ಇಲ್ಲದೆ ಕೈ ಹಾಕ್ಬೇಡಿ. ಬೇರಲ್ಲಿ ಗಂಟು ಕಂಡ್ರೆ ಜಂತುಹುಳ, ಅದಕ್ಕೆ ಗೊಬ್ಬರ ಹೆಚ್ಚಿಸಿ ಪ್ರಯೋಜನ ಇಲ್ಲ. ಸೊಪ್ಪು ನೆರಳಲ್ಲಿ ಒಣಗಿಸಿ, ದಿನಾ ಮಗುಚಿ. ಬೂಸ್ಟು ಹಿಡಿದರೆ ಎಣ್ಣೆಗೆ ಮುಗ್ಗಲು ವಾಸನೆ, ಯಾರೂ ಮುಟ್ಟಲ್ಲ. ಕಬ್ಬಿಣದ ಡ್ರಮ್ಮಲ್ಲಿ ಇಳಿಸಿದ್ದು ಕಪ್ಪಾಗುತ್ತೆ, ರೇಟು ಬಿತ್ತು.

ಸಾಗರದ ಭಟ್ಟಿ: ಕಬ್ಬಿಣದ ಭಟ್ಟಿ ಬೈಯೋರು ಸ್ಟೇನ್‌ಲೆಸ್ ಸ್ಟೀಲ್ ಭಟ್ಟಿಯ ರೇಟೂ ಹೇಳ್ಬೇಕು. ಹುಲ್ಲಿನೆಣ್ಣೆಗೆ ಮೈಲ್ಡ್ ಸ್ಟೀಲ್, ಅಂದ್ರೆ ಮಾಮೂಲಿ ಕಬ್ಬಿಣ ನಡೆಯುತ್ತೆ, ಆವಿ ತಣಿಸೋ ಕಂಡೆನ್ಸರ್ ಮತ್ತು ಎಣ್ಣೆ ಬೀಳೋ ಪಾತ್ರೆ ಸ್ಟೇನ್‌ಲೆಸ್ ಇದ್ರೆ ಆಯ್ತು.

ಗೊಬ್ಬರಗುಂಡಿ: ಆ ಕಂಡೆನ್ಸರ್ ತೊಟ್ಟಿಯ ನೀರು ಬಿಸಿಯಾದ್ರೂ ಬದಲಿಸಲ್ಲ ಕೆಲವರು. ಊರೆಲ್ಲ ನಿಂಬೆ ಪರಿಮಳ, ಕ್ಯಾನಲ್ಲಿ ಏನಿಲ್ಲ. ಆಮೇಲೆ ಯೂರಿಯಾ ಮೇಲೆ ಗೂಬೆ.

ಸಾಗರದ ಭಟ್ಟಿ: ಯಾರಿಗೆ ಹೇಳಿದ್ದು ಅದು?

ಹೊಸನಗರದ ಹೊಸಬ: ಅಣ್ಣಂದಿರೇ, ನಂದು ಬಿಸಿಲ ಜಾಗವೇ. ನಾಲ್ಕು ದಿನದ ನೀರು ಎಷ್ಟಕ್ಕೆ ಇಳಿಸಲಿ, ಅದನ್ನ ಯಾರೂ ಹೇಳಿಲ್ಲ.

ತೀರ್ಥಹಳ್ಳಿ ಪಚ್ಚೋಲಿ: ಗೇಣುದ್ದ ಅಗೆದು ಮಣ್ಣು ಹಿಡೀರಿ. ಉಂಡೆ ಕಟ್ಟಿದ್ರೆ ಬೇಡ, ಉದುರಿದ್ರೆ ಕೊಡಿ. ಎಂಟು ಹತ್ತು ದಿನ ತಡೆಯುತ್ತೆ, ಬುಡಕ್ಕೆ ಭಟ್ಟಿಯಲ್ಲಿ ಎಣ್ಣೆ ತೆಗೆದು ಉಳಿದ ಹುಲ್ಲು ಮುಚ್ಚಿದ್ರೆ ಇನ್ನೂ ಜಾಸ್ತಿ.

ಸಾಗರದ ಭಟ್ಟಿ: ಆ ಹುಲ್ಲು ಒಣಗಿಸಿದ್ರೆ ಸೌದೆ ಉಳಿಯುತ್ತೆ ಸ್ವಾಮಿ. ಮುಚ್ಚೋಕೆ ತೋಟದಲ್ಲಿ ದರಗು ಇಲ್ವಾ?