ಕರಬೂಜ ಜ್ಯೂಸು ಮಧ್ಯಾಹ್ನದಷ್ಟೊತ್ತಿಗೆ ಕಹಿ ಆಗ್ತೈತಿ, ಯಾಕೆ?

ದಾವಣಗೆರೆ_ಸೊಸೆ:
ಎಲ್ರಿಗೂ ನಮಸ್ಕಾರ. ನಮ್ಮ ದಾವಣಗೆರೆ ಬಿಸ್ಲು ಗೊತ್ತಲ್ರಿ, ಹನ್ನೊಂದು ಗಂಟೆಗೇ ಟೆರೇಸ್ ಮೇಲೆ ಬರಿಗಾಲು ಇಡಂಗಿಲ್ಲ, ಅದ್ರಾಗೆ ನಾದಿನಿ ಮಕ್ಕಳು ಮೂರೂ ರಜಕ್ಕೆ ಬಂದು ಕುಂತಾವೆ, ತಾಸಿಗೊಂದ್ಸಲ "ಅತ್ತೆ ತಣ್ಣಗೆ ಏನಾರ ಕೊಡು". ಬಾಟ್ಲಿ ಕೂಲ್‌ಡ್ರಿಂಕ್ಸ್ ಬ್ಯಾಡ ಅಂತ ಕರಬೂಜ ತಂದು ಸಿಪ್ಪೆ ಬೀಜ ಎಲ್ಲ ತೆಗ್ದು, ಸಕ್ರೆ ಏಲಕ್ಕಿ ಹಾಕಿ, ಕಾಯಿಸಿ ಆರಿಸಿದ ಹಾಲು ಅರ್ಧ ಲೀಟರ್ ಹಾಕಿ ಮಿಕ್ಸಿಗೆ ಹೊಡ್ದೆ. ಬೆಳಿಗ್ಗೆ ಹತ್ತಕ್ಕೆ ರುಚಿ ನೋಡಿದ್ರೆ ಅಮೃತ. ಫ್ರಿಜ್ಜಲ್ಲಿಟ್ಟು ಮೂರು ಗಂಟೆಗೆ ಕೊಟ್ರೆ ಸಣ್ಣೋನು ಅಲ್ಲೇ ಉಗುಳ್ದ. ನಾನು ಕುಡಿದ್ರೆ ಬೇವಿನ ಕಷಾಯ!! ಹಾಲು ಒಡ್ದಿಲ್ಲ, ಹುಳಿ ವಾಸ್ನೆ ಇಲ್ಲ, ಬರೀ ಕಹಿ.

ನಮ್ಮತ್ತೆಯೋರು ಹಣ್ಣೇ ಸರಿ ಇಲ್ಲ ಅಂದ್ರು. ನಾನೂ ಸಿಟ್ಟಲ್ಲಿ ಹೋಗಿ ಗಾಡಿ ಅಣ್ಣನ ಜೊತೆ ಜಗಳ ಮಾಡ್ದೆ. ಅವ್ನು ಪಾಪ ಇನ್ನೊಂದು ಹಣ್ಣು ಕುಯ್ದು "ತಿಂದು ನೋಡಕ್ಕ" ಅಂತ ಕೊಟ್ಟ, ಸಿಹೀನೇ ಇತ್ತು, ದುಡ್ಡೂ ತಗಳ್ಲಿಲ್ಲ. ಅದ್ರಲ್ಲೂ ಜ್ಯೂಸ್ ಮಾಡ್ದೆ, ಸಂಜೆಗೆ ಮತ್ತೆ ಕಹಿ. ಯಾರಿಗಾದ್ರೂ ಹಿಂಗಾಗೈತಾ?

ಕೋಟೆ_ಬಿಸಿಲು:
ದುರ್ಗದಿಂದ ಬರೀತಿದೀನಿ, ಬಿಸ್ಲು ನಿಮಗಿಂತ ನಮಗೇ ಜಾಸ್ತಿ, ಸುತ್ತ ಬರೀ ಬಂಡೆ, ರಾತ್ರಿ ಆದ್ರೂ ಕಾವು ಇಳಿಯಲ್ಲ 😄 ನಂಗನ್ಸತ್ತೆ ಒಂದೆರಡು ಬೀಜ ಸೇರಿ ಅರೆದೋಗಿರ್ಬೇಕು. ಇಲ್ಲಾಂದ್ರೆ ಸಿಪ್ಪೆ ಹತ್ರದ ಹಸಿರು ಭಾಗ.

ಹಳೇ_ಲ್ಯಾಬ್:
ಬೀಜದ್ದಲ್ಲ ಸಾರ್. ಹಣ್ಣು ಹಾಲು ಎರಡೂ ಸೇರಿ ಮಾಡಿರೋ ಕೆಲಸ ಇದು. ಕರಬೂಜದಲ್ಲಿ ಕುಕುಮಿಸಿನ್ ಅಂತ ಒಂದು ಎಂಜೈಮ್ ಇರುತ್ತೆ, ಪ್ರೋಟೀನ್ ಕತ್ತರಿಸೋದೇ ಅದರ ಕಸುಬು. ಹಾಲಿನಲ್ಲಿರೋ ಕೇಸೀನ್ ಅನ್ನೋ ಪ್ರೋಟೀನ್ ಸಿಕ್ತು ಅಂದ್ರೆ ಚೂರು ಚೂರು ಮಾಡ್ತಾ ಹೋಗುತ್ತೆ, ಆ ಚೂರುಗಳಲ್ಲಿ ಕೆಲವು ನಾಲಿಗೆಗೆ ಕಹಿ. ಅದಕ್ಕೇ ಆಗ ತಾನೇ ಮಾಡಿದ್ದು ಸಿಹಿ, ಹೊತ್ತು ಹೋದಂಗೆಲ್ಲ ಕಹಿ. ಫ್ರಿಜ್ಜಲ್ಲಿಟ್ರೆ ಅದರ ಕೆಲಸ ನಿಧಾನ ಆಗುತ್ತೆ, ನಿಲ್ಲೋದಿಲ್ಲ. ಹಾಲು ಕಾಯಿಸಿದ್ರಲ್ಲ, ಅದರಿಂದ ಏನೂ ಉಪಯೋಗ ಇಲ್ಲ, ಎಂಜೈಮ್ ಇರೋದು ಹಣ್ಣಲ್ಲಿ. ಹಣ್ಣನ್ನೇ ಕುದಿಸಿದ್ರೆ ಅದು ಸಾಯುತ್ತೆ, ಆದ್ರೆ ಕುದಿಸಿದ ಕರಬೂಜ ಯಾರು ಕುಡೀತಾರೆ, ಸೋರೆಕಾಯಿ ಬೇಯಿಸಿದ ನೀರಿನ ಥರ ಇರುತ್ತೆ.

ಪಪ್ಪಾಯಿ, ಅನಾನಸ್ ಹಾಕಿದ್ರೂ ಇದೇ ಕಥೆ, ಎಂಜೈಮ್ ಹೆಸರು ಬೇರೆ ಅಷ್ಟೆ. ಮೊಸರು ಹಾಕಿದ್ರೂ ತಪ್ಪಿದ್ದಲ್ಲ. ಮಾವು, ಬಾಳೆಗೆ ಈ ರಗಳೆ ಇಲ್ಲ. ಹಾಲು ಬೇಕೇ ಬೇಕು ಅಂದ್ರೆ ಹಣ್ಣು ಒಂದು ಡಬ್ಬಿ, ಹಾಲು ಒಂದು ಡಬ್ಬಿ ಬೇರೆ ಬೇರೆ ತಣ್ಣಗಿಟ್ಟು ಲೋಟಕ್ಕೆ ಹಾಕೋವಾಗ ಬೆರೆಸಿ.

ಹೊಳಲ್ಕೆರೆ_ಅಜ್ಜಿಮನೆ:
ಹಾಲು ಯಾಕವ್ವ ಹಾಕಕ್ಕೋದೆ? ನಮ್ಮನೇಲಿ ರಾಮನವಮಿಗೆ ಮಾಡೋದು ಬೆಲ್ಲದ ಪಾನಕ, ಹಾಲಿನ ಮಾತೇ ಇಲ್ಲ. ಒಂದು ಕೆಜಿ ತೂಗೋ ಹಣ್ಣಿಗೆ ಬೆಲ್ಲ ಒಂದು ನೂರು ಗ್ರಾಂ ಸಾಕು, ಹಣ್ಣು ಸಪ್ಪೆ ಇದ್ರೆ ಇನ್ನೊಂದು ಸಣ್ಣ ತುಂಡು. ಬೆಲ್ಲನ ಮೊದ್ಲು ಎರಡು ಲೋಟ ನೀರಲ್ಲಿ ನೆನೆಸಿ, ಅದಾಗೇ ಕರಗ್ಲಿ, ಆಮೇಲೆ ಬಿಳೇ ಬಟ್ಟೇಲಿ ಸೋಸು. ಸೋಸಿದ ಬಟ್ಟೆ ನೋಡು ಗೊತ್ತಾಗುತ್ತೆ, ಕಬ್ಬಿನ ಸಿಬರು, ಮರಳು, ಒಂದೊಂದ್ಸಲ ಇರುವೆ. ಸೋಸದೆ ಹಾಕಿದ್ರೆ ಕೊನೇ ಗುಟುಕಲ್ಲಿ ಹಲ್ಲಿಗೆ ಕರ ಕರ ಅನ್ನುತ್ತೆ.

ಹಣ್ಣು ಮಿಕ್ಸಿಗೆ ಹಾಕ್ಬೇಡ, ಸ್ಪೂನಲ್ಲಿ ಕೆರೆದು ಕೈಯಲ್ಲೇ ಕಿವುಚು, ಬಾಯಿಗೆ ಒಂದೊಂದು ತುಣುಕು ಸಿಕ್ಬೇಕು. ಮಿಕ್ಸಿಗೆ ಹಾಕಿದ್ದು ಜ್ಯೂಸು, ಅದು ಪಾನಕ ಅಲ್ಲ (ನಮ್ಮ ಸೊಸೆ ಒಪ್ಪಲ್ಲ, ಬಿಡು). ನಾಕು ಏಲಕ್ಕಿ, ಒಂದು ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು. ಉಪ್ಪು ಮರೀಬೇಡ, ಅದಿಲ್ದಿದ್ರೆ ಸಿಹಿ ಮುಖಕ್ಕೆ ಹೊಡೆಯುತ್ತೆ. ಹಾಲಿನ ಬಣ್ಣನೇ ಬೇಕು ಅಂತ ಮಕ್ಳು ಹಟ ಮಾಡಿದ್ರೆ ಸ್ವಲ್ಪ ತೆಂಗಿನಕಾಯಿ ಹಾಲು ಬಿಡು. ಮಣ್ಣಿನ ಮಡಿಕೇಲಿಟ್ಟು ಒದ್ದೆ ಬಟ್ಟೆ ಸುತ್ತಿದ್ರೆ ಐಸು ಬೇಡ.

ಬ್ಯಾಲದ ಹಣ್ಣು ಸಿಕ್ರೆ ಅದ್ರದ್ದೂ ಹಿಂಗೇ. ಹಣ್ಣಾಗೈತಾ ಅಂತ ನೋಡಕ್ಕೆ ಒಂದು ಗೇಣು ಮೇಲಿಂದ ಕಲ್ಲಿನ ಮೇಲೆ ಬಿಡ್ತೀವಿ, ಪುಟಿದ್ರೆ ಕಾಯಿ, ದೊಪ್ಪಂತ ಕುಂತ್ರೆ ಹಣ್ಣು.

ಕೋಟೆ_ಬಿಸಿಲು:
ಬೀಜದ ಮಾತು ವಾಪಸ್ ತಗಂಡೆ. ಅಜ್ಜಿ, ತೆಂಗಿನ ಹಾಲಿಗೂ ಎಂಜೈಮ್ ಬರಲ್ವಾ?

ಹಳೇ_ಲ್ಯಾಬ್:
ತೆಂಗಿನ ಹಾಲಲ್ಲಿ ಪ್ರೋಟೀನ್ ಕಮ್ಮಿ, ಕೊಬ್ಬೇ ಜಾಸ್ತಿ, ಹಾಗಾಗಿ ಅಷ್ಟು ತೊಂದ್ರೆ ಇಲ್ಲ. ಹಾಗಂತ ಬೆಳಿಗ್ಗೆಯಿಂದ ಸಂಜೆತನಕ ಇಡಬೇಡಿ, ಈ ಬಿಸಿಲಿಗೆ ಅದು ಬೇಗ ಹಳಸುತ್ತೆ.

ದಾವಣಗೆರೆ_ಸೊಸೆ:
ಮಾಡಿ ನೋಡ್ದೆ! ಒಂದೇ ಹಣ್ಣು, ಎರಡು ಲೋಟ. ಒಂದಕ್ಕೆ ಹಾಲು, ಒಂದಕ್ಕೆ ಬೆಲ್ಲದ ನೀರು, ಎರಡನ್ನೂ ಫ್ರಿಜ್ಜಲ್ಲಿ ನಾಕು ತಾಸು ಇಟ್ಟೆ. ಹಾಲಿಂದು ನಾಲಿಗೆ ಮೇಲೆ ಇಡಂಗಿಲ್ಲ, ಬೆಲ್ಲದ್ದು ಬೆಳಿಗ್ಗೆ ಹೆಂಗಿತ್ತೋ ಹಂಗೇ ಐತಿ. ನಮ್ಮತ್ತೆಯೋರಿಗೂ ಎರಡೂ ಕುಡ್ಸಿದೆ, ಏನೂ ಮಾತಾಡ್ಲಿಲ್ಲ, ಬೆಲ್ಲದ್ದು ಮಾತ್ರ ಇನ್ನೊಂದು ಲೋಟ ಕೇಳಿದ್ರು. ಹುಡುಗ್ರು ಸೋಸಿದ ಬಟ್ಟೆ ನೋಡಿ "ಇಷ್ಟು ಮಣ್ಣು ತಿಂತಿದ್ವಾ" ಅಂತ ಅಂಗಳದ ತುಂಬ ಓಡಾಡಿದ್ದೇ ಓಡಾಡಿದ್ದು.

ಈಗಿರೋ ಚಿಂತೆ ಗಾಡಿ ಅಣ್ಣಂದು. ನಾಚ್ಕೆ ಆಗಿ ಮೂರು ದಿನದಿಂದ ಆ ಕಡೆ ರೋಡಿಗೇ ಹೋಗಿಲ್ಲ ನಾನು.

ಹೊಳಲ್ಕೆರೆ_ಅಜ್ಜಿಮನೆ:
ಒಂದು ಚೊಂಬು ಪಾನಕ ತಗಂಡೋಗು. ದಿನವಿಡೀ ಬಿಸ್ಲಲ್ಲಿ ನಿಂತಿರೋನು. ಆ ಪುಕ್ಕಟೆ ಹಣ್ಣಿನ ದುಡ್ಡೂ ಕೊಟ್ಟು ಬಾ.