ಸಹಾಯ ಬೇಕು: ತೈಪೆಯಲ್ಲಿ ಅಮ್ಮ ತಿನ್ನಬಹುದಾದ ಬನ್ ಎಲ್ಲಿ ಸಿಗುತ್ತದೆ?

ತೈವಾನ್‌ನಲ್ಲಿರುವ ಕನ್ನಡದವರೇ, ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ತೈಪೆಗೆ ಬರುತ್ತಿದ್ದೇನೆ. ಗೊಂಗ್‌ಗುವಾನ್ ಕಡೆ ಯಾವುದಾದರೂ ಸಣ್ಣ ಅಂಗಡಿಯಲ್ಲಿ ಕೂತು ಬಿಸಿಬಿಸಿ ಗುವಾ ಬಾವ್ ತಿನ್ನಬೇಕು ಅಂತ ಆಸೆ. ಹಬೆಯಲ್ಲಿ ಬೆಂದ ಬನ್, ಒಳಗೆ ಹಂದಿಮಾಂಸ, ಉಪ್ಪಲ್ಲಿ ಹಾಕಿದ ಸಾಸಿವೆ ಸೊಪ್ಪು, ಸಕ್ಕರೆ ಬೆರೆಸಿದ ಶೇಂಗಾ ಪುಡಿ, ಕೊತ್ತಂಬರಿ. ನನಗೇನೂ ತೊಂದರೆ ಇಲ್ಲ. ಅಮ್ಮ ಮಾತ್ರ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಮಾಂಸದ ಬದಲು ತೋಫು ಅಥವಾ ಅಣಬೆ ಹಾಕಿಕೊಡುವ ಅಂಗಡಿ ಗೊತ್ತಾ? ಅಲ್ಲಿನ ಬೌದ್ಧ ಸಸ್ಯಾಹಾರಿಗಳು ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಅಂಥ ಹೋಟೆಲಾದರೆ ಅಮ್ಮನಿಗೆ ಇನ್ನೂ ಖುಷಿ. ನನ್ನ ಅನುಮಾನ ಜಾಸ್ತಿ ಇರುವುದು ಹಿಟ್ಟಿನ ಮೇಲೆ. ಕೆಲವರು ಹಂದಿ ಕೊಬ್ಬು ಹಾಕಿ ನಾದುತ್ತಾರೆ, ಅಲ್ವಾ? ಅದನ್ನು ಕೇಳಲು ಚೀನೀ ಭಾಷೆಯಲ್ಲಿ ಎರಡು ಸಾಲು ಬರೆದುಕೊಟ್ಟರೆ ಫೋನಲ್ಲಿ ಇಟ್ಟುಕೊಂಡು ತೋರಿಸುತ್ತೇನೆ. ಕೂರಲು ಜಾಗ ಯಾವ ಹೊತ್ತಿನಲ್ಲಿ ಸುಲಭವಾಗಿ ಸಿಗುತ್ತದೆ ಅಂತಲೂ ಹೇಳಿ. ಅಮ್ಮನಿಗೆ ಮಂಡಿ ನೋವು, ಸಾಲಿನಲ್ಲಿ ತುಂಬ ಹೊತ್ತು ನಿಲ್ಲಲು ಆಗುವುದಿಲ್ಲ.