ಕೇಡ್ಸ್ ಕೋವ್‌ನ ಹಳೇ ಬ್ಯಾಪ್ಟಿಸ್ಟ್ ಚರ್ಚ್ ಇಷ್ಟು ಬೋಳು ಯಾಕೆ?

ದಾರಿಹೋಕ:
ಟೆನೆಸೀಯ ಗ್ರೇಟ್ ಸ್ಮೋಕಿ ಮೌಂಟನ್ಸ್ ಪಾರ್ಕಿಗೆ ಹೋಗಿದ್ದೆವು. ಕೇಡ್ಸ್ ಕೋವ್ ಸುತ್ತುವ 11 ಮೈಲಿ ರಸ್ತೆಯಲ್ಲಿ ಮೂರು ಚರ್ಚ್ ಸಿಗುತ್ತವೆ. ಮೂರೂ ಮರದವು, ಬಿಳಿ ಬಣ್ಣದವು. ಅದರಲ್ಲಿ ಎರಡು ಬ್ಯಾಪ್ಟಿಸ್ಟರದ್ದೇ, ಅಂದರೆ ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡದ್ದು! ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಅನ್ನುವುದರ ಒಳಗೆ ಹೋದರೆ ಬಣ್ಣದ ಗಾಜಿಲ್ಲ, ಚಿತ್ರವಿಲ್ಲ, ಆಡಂಬರದ ವೇದಿಕೆಯಿಲ್ಲ. ಬೆಂಚು, ಹಲಗೆ ಗೋಡೆ, ಅಷ್ಟೇ. ದುಡ್ಡಿರಲಿಲ್ಲ ಅಂತ ಹೀಗೆ ಕಟ್ಟಿದರೋ, ಬೇಕಂತಲೇ ಕಟ್ಟಿದರೋ? ಬ್ಯಾಪ್ಟಿಸ್ಟರು ಪೂರ್ತಿ ನೀರಲ್ಲಿ ಮುಳುಗಿಸಿ ದೀಕ್ಷೆ ಕೊಡುತ್ತಾರಲ್ವಾ, ಆ ತೊಟ್ಟಿ ಎಲ್ಲಿ? ಇಷ್ಟು ಚಿಕ್ಕ ಕಣಿವೆಗೆ ಎರಡೆರಡು ಯಾಕೆ ಬೇಕಿತ್ತು?

ಹಲಗೆ_ತೊಲೆ:
ಹಳೇ ಮರದ ಕಟ್ಟಡ ಅಂದರೆ ನನಗೆ ಹುಚ್ಚು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ದುಡ್ಡು ಕಡಿಮೆ ಇದ್ದದ್ದು ನಿಜ. ಆದರೆ ಕೈತುಂಬ ಇದ್ದಿದ್ದರೂ ಇವರು ಬಣ್ಣದ ಗಾಜು ಹಾಕಿಸುತ್ತಿರಲಿಲ್ಲ. ಬೈಬಲ್‌ನಲ್ಲಿ ಹೇಳದೇ ಇರುವುದು ಚರ್ಚಿನಲ್ಲಿ ಇರಬಾರದು ಅನ್ನುವುದು ಅವರ ಹಟ. ಅದಕ್ಕೇ ವಾದ್ಯವಿಲ್ಲ, ಬರೀ ಬಾಯಲ್ಲಿ ಹಾಡು. ಭಾನುವಾರದ ಮಕ್ಕಳ ಪಾಠಶಾಲೆಯೂ ಇಲ್ಲ. ಬೋಧಕರ ಪ್ರವಚನ ಕೇಳುವುದೇ ಮುಖ್ಯ ಅಂದಮೇಲೆ ಒಂದು ಉದ್ದನೆಯ ಕೋಣೆ, ಎಲ್ಲರಿಗೂ ಕಾಣುವ ಕಡೆ ಬೋಧಕರ ಪೀಠ, ಓದಲು ಬೆಳಕು ಬೀಳುವ ಸಾದಾ ಕಿಟಕಿ ಇದ್ದರೆ ಸಾಕು. ನೀವು ಬೋಳು ಅಂದದ್ದು ಅವರ ಲೆಕ್ಕದಲ್ಲಿ ಸರಿಯಾದ ಚರ್ಚ್.

ಆ ಸಭೆ, ಅಂದರೆ ಆ ಚರ್ಚಿನ ಭಕ್ತರ ಗುಂಪು, ಶುರುವಾದದ್ದು 1827ರಲ್ಲಿ. ಮೊದಲು ಇದ್ದದ್ದು ದಿಮ್ಮಿಗಳನ್ನು ಜೋಡಿಸಿದ ಕಟ್ಟಡ. ನೀವು ನೋಡಿದ್ದು 1887ರದ್ದು, ಕೊಯ್ದ ಮರದ ಚೌಕಟ್ಟಿಗೆ ಹಲಗೆ ಹೊಡೆದು ಕಟ್ಟಿದ್ದು. ಹೊರಗಿನ ಹಲಗೆಗಳನ್ನು ಗಮನಿಸಿ. ಮೇಲಿನದರ ಅಂಚು ಕೆಳಗಿನದರ ಮೇಲೆ ಕೂತಿರುತ್ತದೆ, ಮಳೆ ನೀರು ಒಳಗೆ ಇಳಿಯದೆ ಜಾರಿ ಹೋಗುತ್ತದೆ. ಆ ಕಡೆಯ ಇಂಥ ಕಟ್ಟಡಗಳನ್ನು ಸಾಮಾನ್ಯವಾಗಿ ನೆಲಕ್ಕೆ ತಾಗಿಸುವುದಿಲ್ಲ. ಕಲ್ಲು ಪೇರಿಸಿ ಗಿಡ್ಡ ಕಂಬ ಮಾಡಿ ಅದರ ಮೇಲೆ ತೊಲೆ ಕೂರಿಸುತ್ತಾರೆ. ಅಡಿಯಲ್ಲಿ ಗಾಳಿ ಆಡಿದರೆ ಮರ ಬೇಗ ಕೊಳೆಯುವುದಿಲ್ಲ. ಜನ ಒಳಗೆ ಫೋಟೋ ತೆಗೆದು ಹೊರಡುತ್ತಾರೆ, ನನ್ನ ಕೇಳಿದರೆ ನೋಡಬೇಕಾದ್ದು ಬಗ್ಗಿ ಕೆಳಗೆ!

ತೊಟ್ಟಿ ಇಲ್ಲ, ಯಾಕೆಂದರೆ ಬೇಕಿರಲಿಲ್ಲ. ಹಳ್ಳಿಯ ಬ್ಯಾಪ್ಟಿಸ್ಟರು ಹೊಳೆಗೆ, ಹಳ್ಳಕ್ಕೆ ಹೋಗಿ ಮುಳುಗಿಸುತ್ತಿದ್ದರು. ಈ ಕಣಿವೆಯಲ್ಲೇ ಏಬ್ರಮ್ಸ್ ಕ್ರೀಕ್ ಹರಿಯುತ್ತದೆ. ಪೀಠದ ಹಿಂದೆ ತೊಟ್ಟಿ, ಅದರ ಹಿಂದಿನ ಗೋಡೆಗೆ ಯೇಸು ದೀಕ್ಷೆ ಪಡೆದ ಜೋರ್ಡಾನ್ ನದಿಯ ಚಿತ್ರ, ಇದೆಲ್ಲ ಆಮೇಲೆ ಬಂದ ಅನುಕೂಲ.

ಎರಡು ಯಾಕೆ ಅಂದರೆ, ಜಗಳ. ಮಿಷನರಿಗಳನ್ನು ಕಳಿಸುವುದು ಸರಿ ಅಂದವರು 1839ರಲ್ಲಿ ಬೇರೆಯಾದರು. ಅವರ ಈಗಿನ ಕಟ್ಟಡ 1915ರದ್ದು. ಹಳಬರು ತಮ್ಮ ಹೆಸರಿಗೆ ಪ್ರಿಮಿಟಿವ್ ಅಂತ ಸೇರಿಸಿಕೊಂಡರು. ಹಿಂದುಳಿದವರು ಅಂತಲ್ಲ, ಮೂಲದವರು ಅಂತ.

ಗಂಟೆಗೋಪುರ:
ಅಲ್ಲಿನ ಮೂರನೆಯದು, ಮೆಥಡಿಸ್ಟ್ ಅನ್ನುವ ಇನ್ನೊಂದು ಪ್ರೊಟೆಸ್ಟಂಟ್ ಪಂಗಡದ ಚರ್ಚಿಗೆ ಮುಂದೆ ಎರಡು ಬಾಗಿಲಿವೆ, ನೋಡಿದಿರಾ? 1902ರದ್ದು. ಗಂಡಸರಿಗೊಂದು ಹೆಂಗಸರಿಗೊಂದು ಬಾಗಿಲು ಇಡುವ ಪದ್ಧತಿ ಆ ಕಾಲದ ಹಳ್ಳಿ ಚರ್ಚುಗಳಲ್ಲಿ ಇತ್ತು. ಆದರೆ ಈ ಸಭೆಯವರು ಹಾಗೆ ಬೇರೆ ಬೇರೆ ಕೂರುತ್ತಿರಲಿಲ್ಲವಂತೆ. ಬೇರೆ ಚರ್ಚಿನ ನಕ್ಷೆ ತಂದು ಸುಮ್ನೆ ಹಾಗೇ ಕಟ್ಟಿದ್ದು. ಬಾಗಿಲು ಎಣಿಸಿ ಇತಿಹಾಸ ಹೇಳುವವರು ಹುಷಾರಾಗಿರಬೇಕು.

ದಾರಿಹೋಕ:
ನೋಡಿದೆ, ಆದರೆ ತಲೆ ಓಡಲಿಲ್ಲ. ಅಂದಹಾಗೆ ಪ್ರಿಮಿಟಿವ್ ಚರ್ಚಿನ ಪಕ್ಕದ ಸ್ಮಶಾನದಲ್ಲಿ ಒಂದು ಕಲ್ಲಿನ ಮೇಲೆ ನಾರ್ತ್ ಕ್ಯಾರೊಲೈನಾದ ಬಂಡುಕೋರರು ಕೊಂದರು ಅಂತಿದೆ. ಏನದು?

ಹಲಗೆ_ತೊಲೆ:
ಅದು ರಸೆಲ್ ಗ್ರೆಗರಿಯದ್ದು, 1864. ಅಮೆರಿಕದ ಅಂತರ್ಯುದ್ಧದಲ್ಲಿ ಟೆನೆಸೀ ದೇಶದಿಂದ ಬೇರೆಯಾಗಲು ಹೊರಟ ದಕ್ಷಿಣದ (ಬಂಡುಕೋರರ) ಕಡೆ ಹೋಯಿತು, ಈ ಕಣಿವೆಯವರಲ್ಲಿ ಜಾಸ್ತಿ ಜನ ಒಕ್ಕೂಟದ, ಅಂದರೆ ಉತ್ತರದ ಕಡೆ. ದಕ್ಷಿಣದವರು ಬೆಟ್ಟ ದಾಟಿ ಬಂದು ಲೂಟಿ ಮಾಡುತ್ತಿದ್ದರು. ಚರ್ಚೂ ಮುಚ್ಚಿತ್ತು. ನಾವು ಒಕ್ಕೂಟದವರು, ಬಂಡುಕೋರರ ಕೈ ಇಲ್ಲಿ ಮೇಲಾಗಿತ್ತು, ಅದಕ್ಕೇ ಸಭೆ ಸೇರಲಿಲ್ಲ ಅಂತ ಯುದ್ಧದ ನಂತರ ಸಭೆಯವರೇ ಬರೆದಿಟ್ಟಿದ್ದಾರೆ.

ಮಳೆಬಿಲ್ಲು:
ತೊಟ್ಟಿ ಒಳಗೇ ಇರುವ ಹಳ್ಳಿ ಚರ್ಚ್ ನೋಡಬೇಕಾದರೆ ಇಂಗ್ಲೆಂಡಿನ ಡೆವನ್‌ನಲ್ಲಿ ಲಫ್‌ವುಡ್ ಮೀಟಿಂಗ್ ಹೌಸ್ ಇದೆ. ಹುಲ್ಲಿನ ಚಾವಣಿ, ದೂರದಿಂದ ಗುಡಿಸಲೇ ಅನ್ನಬೇಕು. ಆ ಸಭೆ 1653ರಷ್ಟು ಹಳೆಯದು. ಸರ್ಕಾರಿ ಚರ್ಚಿಗೆ ಸೇರದ ಪ್ರೊಟೆಸ್ಟಂಟರಿಗೂ ಪ್ರಾರ್ಥನೆಗೆ ಅವಕಾಶ ಕೊಟ್ಟ 1689ರ ಸಹಿಷ್ಣುತಾ ಕಾಯ್ದೆ ಬರುವ ತನಕ ಇಂಥವರು ಕದ್ದುಮುಚ್ಚಿ ಸೇರಬೇಕಿತ್ತು, ಅದಕ್ಕೇ ಕಾಡಿನ ಮರೆ. ಪೀಠದ ಮುಂದಿನ ನೆಲದ ಹಲಗೆ ಎತ್ತಿದರೆ ಕೆಳಗೆ ದೀಕ್ಷೆಯ ತೊಟ್ಟಿ. ಈಗ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ.

ದಾರಿಹೋಕ:
ಎಲ್ಲರಿಗೂ ಥ್ಯಾಂಕ್ಸ್. @ಹಲಗೆ_ತೊಲೆ, ಆ ಮಿಷನರಿ ಜಗಳ ಆ ಕಣಿವೆಯಲ್ಲಿ ಮಾತ್ರ ಆದದ್ದಾ, ಬೇರೆ ಕಡೆಯೂ ಇತ್ತಾ?

ಹಲಗೆ_ತೊಲೆ:
ಬೇರೆ ಕಡೆಯೂ ಇತ್ತು. 1820, 30ರ ದಶಕಗಳಲ್ಲಿ ಅಮೆರಿಕದ ಎಷ್ಟೋ ಬ್ಯಾಪ್ಟಿಸ್ಟ್ ಸಭೆಗಳು ಇದೇ ಕಾರಣಕ್ಕೆ ಒಡೆದವು. ಕೇಡ್ಸ್ ಕೋವ್‌ನಲ್ಲಿ ಎರಡೂ ಕಡೆಯವರ ಕಟ್ಟಡ ಹತ್ತಿರ ಹತ್ತಿರವೇ ಉಳಿದಿವೆ, ಅದಕ್ಕೆ ಎದ್ದು ಕಾಣುತ್ತದೆ.